ನಾಳೆ ಬೆಳಿಗ್ಗೆ ಪ್ರೆಸ್‌ಗೆ ಹೋಗಬೇಕು, ಫೋಟೋ ಇನ್ನೂ ಅರ್ಧ ಬಾಕಿ: ಯಾವ ಕೆಲಸ ಬಿಡ್ತೀರಿ, ಯಾವುದನ್ನು ಬಿಡಲ್ಲ?

ರಾತ್ರಿಪಾಳಿ · ಭಾನುವಾರ, ರಾತ್ರಿ 11:20

ಮೊದಲೇ ಹೇಳಿಬಿಡುತ್ತೇನೆ, ಸಮಾಧಾನ ಹೇಳಿಸಿಕೊಳ್ಳಲು ಬಂದಿಲ್ಲ. ಬೈಸಿಕೊಳ್ಳುವುದೂ ಆಗಲೇ ಮುಗಿದಿದೆ.

ನಾನು ಫೋಟೋ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಒಂದು ಮ್ಯಾಗಜೀನಿನ ಚಿತ್ರಗಳೆಲ್ಲ ನಮ್ಮಲ್ಲೇ ತಯಾರಾಗುತ್ತವೆ. ಸ್ಕ್ಯಾನ್ ಮಾಡುವುದು, ಧೂಳು ತೆಗೆಯುವುದು, ಬಣ್ಣ ತಿದ್ದುವುದು, ಸಿಎಂವೈಕೆ ಮಾಡಿ, ಅಂದರೆ ಅಚ್ಚಿನ ನಾಲ್ಕು ಶಾಯಿಗೆ (ತಿಳಿನೀಲಿ ಸಯಾನ್, ಗುಲಾಬಿ ಕೆಂಪು ಮಜೆಂಟಾ, ಹಳದಿ, ಕಪ್ಪು) ಬದಲಿಸಿ, ಪೇಜ್ ಮಾಡುವವರಿಗೆ ಕಳಿಸುವುದು. ಕಳೆದ ಸಂಚಿಕೆಗೆ 52 ಚಿತ್ರ ಇದ್ದವು. ಮಧ್ಯಾಹ್ನ ಬರಬೇಕಾದವು ಸಂಜೆ ಏಳಕ್ಕೆ ಬಂದವು. ಅದರಲ್ಲಿ 11 ಹಳೇ ಸ್ಲೈಡ್ (ಚಿಕ್ಕ ಫ್ರೇಮಿಗೆ ಹಾಕಿದ ಫಿಲ್ಮ್), ಒಂದು ಲಕೋಟೆಯೊಳಗೆ. ಬೆಳಿಗ್ಗೆ ಆರಕ್ಕೆ ಪುಟಗಳ ಪಿಡಿಎಫ್ ಪ್ರೆಸ್‌ಗೆ ಹೋಗಬೇಕು. ಲ್ಯಾಬ್‌ನಲ್ಲಿ ಇದ್ದದ್ದು ಇಬ್ಬರೇ.

ಬೆಳಗಿನ ಜಾವ ಮೂರೂವರೆಗೆ ಒಂದು ಫೈಲ್ ತೆರೆದೆ. ಏಳೆಂಟು ವರ್ಷದ ಹುಡುಗಿ, ಕಿಟಕಿ ಬೆಳಕಿನಲ್ಲಿ ನಿಂತಿದ್ದಾಳೆ. ಫೈಲಿನಲ್ಲಿ ಕಲರ್ ಪ್ರೊಫೈಲ್, ಅಂದರೆ ಬಣ್ಣದ ನಂಬರುಗಳನ್ನು ಹೇಗೆ ಓದಬೇಕು ಅಂತ ಹೇಳುವ ಚೀಟಿ, ಇರಲಿಲ್ಲ. ಏನೆಂದುಕೊಳ್ಳಲಿ ಅಂತ ಕಂಪ್ಯೂಟರ್ ಕೇಳಿತು. ಸಾಮಾನ್ಯ ಸ್ಕ್ರೀನುಗಳ ಎಸ್‌ಆರ್‌ಜಿಬಿ ಅಂತ ಒತ್ತಿ ಮುಂದೆ ಹೋದೆ. ಆ ಫೋಟೋ ಅದಕ್ಕಿಂತ ಹೆಚ್ಚು ಬಣ್ಣ ಹಿಡಿಯುವ ಅಡೋಬಿ ಆರ್‌ಜಿಬಿಯಲ್ಲಿ ಇದ್ದದ್ದು. ಅಚ್ಚಾಗಿ ಬಂದಾಗ ಮಗುವಿನ ಮುಖ ವಾರದ ಜ್ವರದಿಂದ ಎದ್ದ ಹಾಗೆ ಸಪ್ಪೆ, ಬೂದಿ ಬೂದಿ. ಅದೂ ಎರಡು ಪುಟ ತುಂಬಾ.

ಸಂಪಾದಕರು ಹೇಳುವುದು ಬೇಗ ಮಾಡಿ ಅಂತ. ನಮ್ಮ ಮಾಲೀಕರು ಹೇಳುವುದು ನೋಡಿ ನಿಧಾನ ಮಾಡಿ ಅಂತ. ಎರಡೂ ಸರಿಯೇ. ಮುಂದಿನ ಸಂಚಿಕೆ ಈ ಶುಕ್ರವಾರ ಪ್ರೆಸ್‌ಗೆ ಹೋಗುತ್ತದೆ. ಗಂಟೆ ಕಮ್ಮಿ ಇದ್ದಾಗ ನೀವು ಯಾವ ಕೆಲಸ ಬಿಡುತ್ತೀರಿ? ಪ್ರಾಣ ಹೋದರೂ ಬಿಡದೇ ಇರುವುದು ಯಾವುದು?

ಕಚ್ಚಾಫೈಲ್ · ಭಾನುವಾರ, ರಾತ್ರಿ 11:34

ಮಾಡಬೇಕಾದ ಹೆಜ್ಜೆಗಳನ್ನು ಕಂಪ್ಯೂಟರಿನಲ್ಲಿ ಒಂದು ಆಕ್ಷನ್ ಆಗಿ ಬರೆದು, ಎಲ್ಲ ಫೈಲಿಗೂ ತಾನಾಗಿ ಓಡಲಿ ಅಂತ ಬ್ಯಾಚ್‌ಗೆ ಹಾಕಿ ಮಲಗಿ ಮಾರಾಯ್ರೆ. ಈ ಕಾಲದಲ್ಲೂ 52 ಫೋಟೋಗೆ ರಾತ್ರಿಯೆಲ್ಲಾ ಎಚ್ಚರವಾ?

ರಾತ್ರಿಪಾಳಿ · ಭಾನುವಾರ, ರಾತ್ರಿ 11:41

ಬ್ಯಾಚ್ ಆಗಿದ್ದರೆ ನನ್ನನ್ನು ಕೇಳುತ್ತಲೂ ಇರಲಿಲ್ಲ. ತಾನೇ ಎಸ್‌ಆರ್‌ಜಿಬಿ ಅಂದುಕೊಂಡು ಮುಂದೆ ಹೋಗುತ್ತಿತ್ತು. ನನಗಾದರೂ ಒಂದು ಅವಕಾಶ ಸಿಕ್ಕಿತ್ತು.

ಚುಕ್ಕಿಲೆಕ್ಕ · ಸೋಮವಾರ, ಬೆಳಿಗ್ಗೆ 7:05

ನಾನು ಪ್ರೆಸ್ ಕಡೆಯವನು. ನಿಮ್ಮಂಥವರು ಕಳಿಸಿದ್ದು ಅಚ್ಚಿನ ಪ್ಲೇಟ್ ಆಗುವ ಮೊದಲು ನೋಡುವುದು ನನ್ನ ಕೆಲಸ. ನಿಮ್ಮ ತಪ್ಪು ಮೂರೂವರೆಗೆ ಆಗಿಲ್ಲ, ಸಂಜೆ ಏಳಕ್ಕೇ ಆಗಿದೆ.

ಚಿತ್ರಗಳು ಬಂದ ತಕ್ಷಣ ಮೊದಲನೇ ಫೈಲ್ ತೆರೆದು ತಿದ್ದಲು ಕೂತಿರಿ, ಅಲ್ವಾ? ಎಲ್ಲರೂ ಮಾಡುವುದು ಅದನ್ನೇ. ಮೊದಲ 20 ನಿಮಿಷ ಯಾವ ಫೈಲನ್ನೂ ಮುಟ್ಟಬೇಡಿ. ಸುಮ್ನೆ ನೋಡಿ. ಪ್ರತಿ ಚಿತ್ರಕ್ಕೂ ಮೂರು ವಿಷಯ ಒಂದು ಹಾಳೆಯಲ್ಲಿ ಬರೆಯಿರಿ. ಪ್ರೊಫೈಲ್ ಇದೆಯಾ, ಎಷ್ಟು ಪಿಕ್ಸೆಲ್ ಇದೆ, ಪುಟದಲ್ಲಿ ಎಷ್ಟು ಅಗಲಕ್ಕೆ ಬರುತ್ತದೆ. ಈ ಹಾಳೆ ಇದ್ದಿದ್ದರೆ ಪ್ರೊಫೈಲ್ ಇಲ್ಲದ ಫೈಲ್ ಏಳು ಇಪ್ಪತ್ತಕ್ಕೇ ಕಣ್ಣಿಗೆ ಬೀಳುತ್ತಿತ್ತು. ಆಗ ಫೋಟೋ ತೆಗೆದವರು ಎಚ್ಚರವಾಗಿದ್ದರು, ಫೋನ್ ಮಾಡಿ ಕೇಳಬಹುದಿತ್ತು. ಮೂರೂವರೆಗೆ ಯಾರನ್ನು ಎಬ್ಬಿಸುತ್ತೀರಿ?

ಪಿಕ್ಸೆಲ್ ಲೆಕ್ಕ ಬಾಯಲ್ಲಿ ಇರಲಿ. 150 ಲೈನ್ ಸ್ಕ್ರೀನಿಗೆ (ಇಂಚಿಗೆ 150 ಸಾಲು ಅಚ್ಚಿನ ಚುಕ್ಕಿ) ಅದರ ಎರಡರಷ್ಟು, ಅಂದರೆ 300 ಪಿಪಿಐ, ಇಂಚಿಗೆ 300 ಪಿಕ್ಸೆಲ್. ಎ4 ಪುಟ, ಸುತ್ತ 3 ಮಿ.ಮೀ. ಬ್ಲೀಡ್ (ಆಮೇಲೆ ಕತ್ತರಿಸಿ ಹೋಗುವ ಅಂಚು) ಸೇರಿಸಿದರೆ 216 ಗುಣಿಸು 303 ಮಿ.ಮೀ. ಅದಕ್ಕೆ ಬೇಕಾದದ್ದು 2551 ಗುಣಿಸು 3579 ಪಿಕ್ಸೆಲ್, ಸುಮಾರು 9 ಮೆಗಾಪಿಕ್ಸೆಲ್. 225 ಪಿಪಿಐ ತನಕ ಇಳಿದರೂ ಬಹಳ ಚಿತ್ರಗಳಲ್ಲಿ ಗೊತ್ತಾಗುವುದಿಲ್ಲ. ಆದರೆ 1200 ಪಿಕ್ಸೆಲ್ ಅಗಲದ ಚಿತ್ರ ಕೊಟ್ಟು ಪೂರ್ತಿ ಪುಟಕ್ಕೆ ಹಾಕಿ ಅಂದರೆ ಆಗುವುದಿಲ್ಲ. ಅದು 10 ಸೆಂ.ಮೀ. ಚಿತ್ರ, ಅಷ್ಟೇ. ಸಂಜೆ ಏಳಕ್ಕೆ ಹೇಳಿದರೆ ಪೇಜ್ ಮಾಡುವವರು ಜಾಗ ಬದಲಿಸುತ್ತಾರೆ. ಬೆಳಿಗ್ಗೆ ಐದಕ್ಕೆ ಹೇಳಿದರೆ ನಿಮ್ಮನ್ನೇ ಬೈಯುತ್ತಾರೆ.

ಪುಟದವಳು · ಸೋಮವಾರ, ಬೆಳಿಗ್ಗೆ 9:50

ಪೇಜ್ ಮಾಡುವವಳು ನಾನೇ. ನಿಮ್ಮ ಮ್ಯಾಗಜೀನಿನವಳಲ್ಲ, ಹೆದರಬೇಡಿ.

ನಾವು ಯಾಕೆ ಅರ್ಧ ಗಂಟೆಗೊಮ್ಮೆ ಫೋನ್ ಮಾಡುತ್ತೇವೆ ಗೊತ್ತಾ? ಚಿತ್ರ ಕೈಗೆ ಬರುವ ತನಕ ನಮ್ಮ ಪುಟ ಖಾಲಿ. ಅದಕ್ಕೆ ಒಂದು ಸುಲಭ ದಾರಿ ಇದೆ. ತಿದ್ದದೇ ಇರುವ ಚಿಕ್ಕ ಫೈಲುಗಳನ್ನು ಮೊದಲು ಕಳಿಸಿಬಿಡಿ, ಜಾಗ ಹಿಡಿಯುವುದಕ್ಕೆ. ನಾವು ಅದರಲ್ಲೇ ಪುಟ ಕಟ್ಟುತ್ತೇವೆ. ಆಮೇಲೆ ಪೂರ್ತಿಯಾದದ್ದು ಅದೇ ಹೆಸರಿನಲ್ಲಿ ಬಂದು ಕೂತರೆ ಸಾಕು. ಅದೇ ಹೆಸರಿನಲ್ಲಿ! ಫೈನಲ್, ಫೈನಲ್2, ಹೊಸಫೈನಲ್, ಇದೇಫೈನಲ್ ಅಂತ ನಾಲ್ಕು ಬಂದರೆ ನಾನು ಯಾವುದನ್ನು ಹಾಕಲಿ?

ಇದರಿಂದ ನಿಮಗೆ ಇನ್ನೂ ದೊಡ್ಡ ಲಾಭ. ನಮ್ಮ ಕ್ರಾಪ್ ನಿಮಗೆ ಮೊದಲೇ ಸಿಗುತ್ತದೆ. ಒಮ್ಮೆ ನಮ್ಮ ಲ್ಯಾಬ್ ಹುಡುಗ ಒಂದು ಆಕಾಶದ ಧೂಳು ತೆಗೆಯಲು ಮುಕ್ಕಾಲು ಗಂಟೆ ಕೂತಿದ್ದ. ಚೊಕ್ಕಟ ಕೆಲಸ, ಒಂದು ಚುಕ್ಕಿ ಇರಲಿಲ್ಲ. ನಾನು ಆ ಆಕಾಶವನ್ನು ಕತ್ತರಿಸಿ ಆಗಲೇ ಎರಡು ಗಂಟೆ ಆಗಿತ್ತು. ಅವನಿಗೆ ಹೇಳಲು ನನಗೇ ಬಾಯಿ ಬರಲಿಲ್ಲ.

ಹಾಗೇ, ಎರಡು ಪುಟಕ್ಕೆ ಹರಡುವ ಚಿತ್ರದಲ್ಲಿ ಮುಖ ಮಧ್ಯಕ್ಕೆ ಬರುತ್ತಿದ್ದರೆ ದಯವಿಟ್ಟು ಕೂಗಿ ಹೇಳಿ. ಮಡಿಕೆಯೊಳಗೆ ಹೋದ ಮೂಗು ವಾಪಸ್ ಬರುವುದಿಲ್ಲ.

ಹಳೇಕತ್ತಲಕೋಣೆ · ಸೋಮವಾರ, ಮಧ್ಯಾಹ್ನ 1:15

ನೀವೆಲ್ಲ ಪಿಕ್ಸೆಲ್ ಲೆಕ್ಕ ಹಾಕುತ್ತಿದ್ದೀರಿ, ನಾನು ನೀರಿನ ಕಾಲದವನು. ನನಗೆ ತೋಚಿದ್ದು ಹೇಳುತ್ತೇನೆ.

ಫಿಲ್ಮ್ ಲ್ಯಾಬ್‌ನಲ್ಲಿ ಒಂದು ಅನುಕೂಲ ಇತ್ತು. ಯಾವುದನ್ನು ಅವಸರ ಮಾಡಬಾರದು ಅಂತ ಕೆಮಿಕಲ್ಲೇ ಹೇಳುತ್ತಿತ್ತು. ಸ್ಲೈಡ್ ತೊಳೆಯುವ ಇ-6ರಲ್ಲಿ ಮೊದಲ ಡೆವಲಪರ್ 38 ಡಿಗ್ರಿ, 6 ನಿಮಿಷ. ಸಂಪಾದಕರು ಬಾಗಿಲು ಬಡಿದರೂ 6 ನಿಮಿಷ. ಅರ್ಧ ಡಿಗ್ರಿ ಆಚೀಚೆ ಆದರೆ ಸ್ಲೈಡಿನ ಮೇಲೆ ಗೊತ್ತಾಗುತ್ತದೆ. ಮುಖ್ಯವಾದ ರೋಲ್ ಆದರೆ ಅದಕ್ಕೂ ಮೊದಲು ಒಂದು ಕೆಲಸ ಇರುತ್ತಿತ್ತು. ಕತ್ತಲಲ್ಲಿ ರೋಲಿನ ತುದಿಯಿಂದ ನಾಲ್ಕೈದು ಫ್ರೇಮ್ ಕತ್ತರಿಸಿ, ಅಷ್ಟನ್ನೇ ತೊಳೆದು, ಲೈಟ್ ಬಾಕ್ಸ್ ಮೇಲಿಟ್ಟು ನೋಡುವುದು. ಕಪ್ಪಾಗಿ ಬಂದಿದ್ದರೆ ಉಳಿದ ರೋಲಿಗೆ ಡೆವಲಪರ್ ಹೊತ್ತು ಜಾಸ್ತಿ, ತೆಳುವಾಗಿದ್ದರೆ ಕಮ್ಮಿ. ಒಂದು ಗಂಟೆ ಹೋಯಿತು ಅಂತ ಕಾಣುತ್ತದೆ. ಆದರೆ ತಿರುಗಿ ತೆಗೆಯಲಾಗದ 30 ಫ್ರೇಮ್ ಉಳಿಯುತ್ತಿತ್ತು. ಚುಕ್ಕಿಲೆಕ್ಕ ಅವರು ಹೇಳಿದ 20 ನಿಮಿಷ ಅದೇ ಜಾತಿಯದು.

ಅವಸರ ಮಾಡಬಹುದಾದ ಜಾಗಗಳೂ ಇದ್ದವು. ಕಪ್ಪು ಬಿಳುಪು ನೆಗೆಟಿವ್ ಒಣಗುವ ಮೊದಲೇ, ಒದ್ದೆ ಒದ್ದೆಯಾಗಿಯೇ ಎನ್‌ಲಾರ್ಜರಿಗೆ ಹಾಕಿ ಪ್ರಿಂಟ್ ತೆಗೆದದ್ದು ಎಷ್ಟು ಸಲವೋ. ಆಮೇಲೆ ನಿಧಾನವಾಗಿ ತೊಳೆದು ಒಣಗಿಸಿಕೊಳ್ಳುತ್ತಿದ್ದೆವು. ಪ್ಲಾಸ್ಟಿಕ್ ಲೇಪದ ಆರ್‌ಸಿ ಪೇಪರ್ ಬಂದ ಮೇಲಂತೂ ಪ್ರಿಂಟ್ ತೊಳೆಯುವುದು ಗಂಟೆಯಿಂದ ನಾಲ್ಕು ನಿಮಿಷಕ್ಕೆ ಇಳಿಯಿತು.

ನನ್ನ ಮೂರ್ಖತನವನ್ನೂ ಹೇಳಬೇಕಲ್ಲ. ಒಮ್ಮೆ ಹತ್ತು ನಿಮಿಷ ಉಳಿಸಲು ಕೂದಲು ಒಣಗಿಸುವ ಮೆಶೀನಿನಿಂದ ಫಿಲ್ಮಿಗೆ ಬಿಸಿಗಾಳಿ ಹೊಡೆದೆ. ಕೋಣೆಯ ಧೂಳೆಲ್ಲ ಹಾರಿ ಮೆತ್ತಗಿದ್ದ ಎಮಲ್ಶನ್ನಿಗೆ, ಅಂದರೆ ಚಿತ್ರ ಇರುವ ಪದರಕ್ಕೆ, ಅಂಟಿಕೊಂಡು ಅಲ್ಲೇ ಒಣಗಿತು. ತೊಳೆದರೂ ಹೋಗಲಿಲ್ಲ. ಪ್ರಿಂಟ್ ಮೇಲೆ ಸಣ್ಣ ಬ್ರಶ್ ಹಿಡಿದು ಒಂದೊಂದೇ ಬಿಳಿ ಚುಕ್ಕಿ ಮುಚ್ಚುತ್ತಾ ಎರಡು ಗಂಟೆ ಕೂತೆ. ಯಾರಿಗೂ ಹೇಳಿರಲಿಲ್ಲ ಇಷ್ಟು ವರ್ಷ.

ಅದಾದರೂ ಪರವಾಗಿಲ್ಲ. 1944ರ ಜೂನ್ 6ರಂದು ಯುದ್ಧದ ಫೋಟೋಗ್ರಾಫರ್ ರಾಬರ್ಟ್ ಕಾಪಾ ಫ್ರಾನ್ಸಿನ ನಾರ್ಮಂಡಿಯ ಒಮಾಹಾ ಬೀಚಿನಲ್ಲಿ ಗುಂಡಿನ ನಡುವೆ ನಿಂತು ತೆಗೆದ ಫಿಲ್ಮ್ ಲೈಫ್ ಮ್ಯಾಗಜೀನಿನ ಲಂಡನ್ ಲ್ಯಾಬ್‌ಗೆ ಬಂತು. ಬೇಗ, ಬೇಗ ಅಂತ ಮೇಲಿನಿಂದ ಒತ್ತಡ. ಅಲ್ಲಿನ ಹುಡುಗ ಒಣಗಿಸುವ ಪೆಟ್ಟಿಗೆಯ ಬಾಗಿಲು ಮುಚ್ಚಿ ಬಿಸಿ ಜಾಸ್ತಿ ಮಾಡಿದ. ಎಮಲ್ಶನ್ ಕರಗಿ ಹರಿಯಿತು. ನಾಲ್ಕು ರೋಲಿನಲ್ಲಿ ಉಳಿದದ್ದು ಹನ್ನೊಂದೇ ಫ್ರೇಮ್. ಅವಸರದ ಕಥೆ ಬೇಕಾದರೆ ಇದನ್ನು ಗೋಡೆಗೆ ಅಂಟಿಸಿಕೊಳ್ಳಿ.

ಸುಮ್ನೆನೋಡೋನು · ಸೋಮವಾರ, ಸಂಜೆ 6:22

ನಾನು ಇಲ್ಲಿ ಬರೆಯುವವನಲ್ಲ, ಓದಿಕೊಂಡು ಹೋಗುವವನು. ಆದರೆ ಇದಕ್ಕೆ ಸುಮ್ಮನಿರಲು ಆಗಲಿಲ್ಲ.

ಹಿರಿಯರೇ, ಆ ಕರಗಿದ ಫಿಲ್ಮಿನ ಕಥೆ ಈಗ ನಿಲ್ಲುವುದಿಲ್ಲ. 2014ರಿಂದ ಎ.ಡಿ. ಕೋಲ್ಮನ್ ಎಂಬ ಫೋಟೋಗ್ರಫಿ ವಿಮರ್ಶಕ ಮತ್ತು ಅವರ ಜೊತೆಗಾರರು ಅದನ್ನು ಎಳೆ ಎಳೆಯಾಗಿ ಬಿಡಿಸಿದ್ದಾರೆ. ಆ ಕಾಲದ ಒಣಗಿಸುವ ಪೆಟ್ಟಿಗೆಯ ಬಿಸಿಗೆ ಆ ಫಿಲ್ಮಿನ ಎಮಲ್ಶನ್ ಹಾಗೆ ಕರಗುವುದಿಲ್ಲ ಅನ್ನುವುದು ಅವರ ಮುಖ್ಯ ವಾದ. ಆಗ ಲಂಡನ್ನಿನಲ್ಲಿ ಲೈಫ್‌ನ ಚಿತ್ರ ಸಂಪಾದಕರಾಗಿದ್ದವರು ಜಾನ್ ಮಾರಿಸ್. ಆ ಕಥೆ ಹೇಳುತ್ತಾ ಬಂದವರೂ ಅವರೇ. ಕೊನೆಗೆ ಅವರೂ, ಉಳಿದ ರೋಲುಗಳಲ್ಲಿ ಏನೂ ಇರಲಿಲ್ಲವೇನೋ ಅಂತ ಒಪ್ಪಿಕೊಂಡರು.

ಹಳೇಕತ್ತಲಕೋಣೆ · ಸೋಮವಾರ, ರಾತ್ರಿ 8:40

ಇದೊಳ್ಳೆ ಕಥೆಯಾಯಿತಲ್ಲಪ್ಪ. ಹೊಸದಾಗಿ ಸೇರಿದ ಪ್ರತಿ ಹುಡುಗನಿಗೂ ಇದನ್ನೇ ಹೇಳಿ ಹೆದರಿಸಿದ್ದೇನೆ. ಈಗ ಅವರನ್ನೆಲ್ಲ ಹುಡುಕಿ ಹೇಳಬೇಕಾ?

ಸ್ವಲ್ಪ ಹೊತ್ತು ಸಿಟ್ಟು ಬಂತು, ನಿಜ. ಆಮೇಲೆ ಕೂತು ಯೋಚಿಸಿದೆ. ನೀವು ಹೇಳಿದ್ದು ನಿಜವಾದರೆ, ಏನೂ ಮಾಡದ ಲ್ಯಾಬ್ ಹುಡುಗನೊಬ್ಬ 70 ವರ್ಷ ಜಗತ್ತಿನ ಬೈಗುಳ ತಿಂದಿದ್ದಾನೆ. ನಾನೂ ಬೈದಿದ್ದೇನೆ, ಅದೇ ಕೆಲಸ ಮಾಡುವವನಾಗಿ.

ರಾತ್ರಿಪಾಳಿ · ಸೋಮವಾರ, ರಾತ್ರಿ 9:02

ಈ ಮಾತು ಓದಿ ಸ್ವಲ್ಪ ನಗು ಬಂತು. ನಮ್ಮಲ್ಲೂ ಹಾಗೇ. ಚಿತ್ರ ಐದು ಗಂಟೆ ತಡವಾಗಿ ಬಂದದ್ದು ಈಗ ಯಾರ ಬಾಯಲ್ಲೂ ಇಲ್ಲ. ಬೂದಿ ಮುಖ ಮಾತ್ರ ಎಲ್ಲರಿಗೂ ನೆನಪಿದೆ. ತಪ್ಪು ನನ್ನದೇ, ಇಲ್ಲ ಅನ್ನುವುದಿಲ್ಲ.

ಸರಿ, ಅದು ಬಿಡಿ. ಇನ್ನೊಂದು ತೊಂದರೆ. ಶುಕ್ರವಾರದ ಕವರಿನಲ್ಲಿ ಗಾಢ ನೀಲಿ ಜಾಕೆಟ್ ಹಾಕಿದವರಿದ್ದಾರೆ. ಸ್ಕ್ರೀನ್ ಮೇಲೆ ನೀಲಿ. ಪ್ರೂಫಿನಲ್ಲಿ, ಅಂದರೆ ಅಚ್ಚಿಗೆ ಮೊದಲು ತೆಗೆಯುವ ಮಾದರಿಯಲ್ಲಿ, ನೇರಳೆ ಹಣ್ಣು. ಎಷ್ಟು ಸಲ ತಿದ್ದಿದರೂ ಅದೇ.

ಚುಕ್ಕಿಲೆಕ್ಕ · ಸೋಮವಾರ, ರಾತ್ರಿ 9:30

ಸ್ಕ್ರೀನ್ ತಿದ್ದಬೇಡಿ, ನಂಬರ್ ನೋಡಿ. ಮೌಸ್ ಜಾಕೆಟ್ ಮೇಲಿಟ್ಟರೆ ಸಯಾನ್ 100, ಮಜೆಂಟಾ 90ರ ಹತ್ತಿರ ಇರುತ್ತದೆ, ನೋಡಿ. ಅದು ಕಾಗದದ ಮೇಲೆ ಯಾವತ್ತೂ ನೇರಳೆಯೇ. ಮಜೆಂಟಾ ಸಯಾನ್‌ಗಿಂತ ಕಮ್ಮಿಯೆಂದರೂ 30 ಕೆಳಗಿರಲಿ. ಸ್ಕ್ರೀನಿನಲ್ಲಿ ಕಂಡ ಆ ಹೊಳೆಯುವ ನೀಲಿ ಶಾಯಿಯಲ್ಲಿ ಇಲ್ಲವೇ ಇಲ್ಲ. ಅದು ಬೇಕು ಅಂತ ಹಟ ಹಿಡಿದರೆ ರಾತ್ರಿ ಹೋಗುತ್ತದೆ. ನೀಲಿ ಅನ್ನಿಸಿದರೆ ಸಾಕು, ಮುಂದೆ ಹೋಗಿ.

ಇನ್ನು ಮೈಬಣ್ಣ. ಬೆಳಗಿನ ಜಾವ ಮೂರಕ್ಕೆ ಕಣ್ಣನ್ನು ನಂಬಲೇಬೇಡಿ. ಇಪ್ಪತ್ತು ನಿಮಿಷ ಹಳದಿ ಚಿತ್ರ ನೋಡಿದರೆ ಆ ಹಳದಿಯೇ ಬಿಳಿ ಅನ್ನಿಸುತ್ತದೆ. ಕೆನ್ನೆಯ ಮೇಲೆ ನಂಬರ್ ನೋಡಿ. ಮಜೆಂಟಾ, ಹಳದಿ ಹತ್ತಿರ ಹತ್ತಿರ ಇರಬೇಕು, ಹಳದಿ ಒಂದು ಗುಂಜಿ ಜಾಸ್ತಿ. ಸಯಾನ್ ಮಜೆಂಟಾದ ಮೂರರಲ್ಲಿ ಒಂದು ಪಾಲು, ತೆಳು ಮೈಬಣ್ಣಕ್ಕೆ ಇನ್ನೂ ಕಮ್ಮಿ, ಕಪ್ಪು ಮೈಬಣ್ಣಕ್ಕೆ ಜಾಸ್ತಿ. ನಿಮ್ಮ ಆ ಮಗುವಿನ ಮುಖದಲ್ಲಿ ಸಯಾನ್ ಏರಿ ಕೂತಿರುತ್ತದೆ, ಬೂದಿಗೆ ಅದೇ ಕಾರಣ.

ಮತ್ತೆ ಶಾಯಿಯ ಮೊತ್ತ. ನಾಲ್ಕು ಬಣ್ಣ ನೂರು ನೂರು ಸೇರಿದರೆ 400 ಆಗುತ್ತದೆ. ನಿಮ್ಮ ಪ್ರೆಸ್ 300 ಅಂದಿದ್ದರೆ ಕತ್ತಲ ಜಾಗದಲ್ಲೂ 300 ದಾಟಬಾರದು. ದಾಟಿದರೆ ಶಾಯಿ ಒಣಗುವುದಿಲ್ಲ, ಮೇಲೆ ಬಿದ್ದ ಹಾಳೆಯ ಬೆನ್ನಿಗೆ ಅಂಟುತ್ತದೆ. ಸರಿಯಾದ ಪ್ರೊಫೈಲ್ ಹಾಕಿ ಪರಿವರ್ತಿಸಿದರೆ ಇದು ತಾನಾಗಿಯೇ ಸರಿಹೋಗುತ್ತದೆ. ಪರಿವರ್ತಿಸಿದ ಮೇಲೆ ಕರ್ವ್ ಎಳೆದು ಕಪ್ಪು ಮಾಡುವವರದ್ದೇ ಕಾಟ.

ಅರ್ಧ ಜಾಗ ಮುಚ್ಚಬೇಕಾದ 50 ಶೇಕಡಾ ಶಾಯಿ ಚುಕ್ಕಿ ಕಾಗದದ ಮೇಲೆ ಉಬ್ಬಿ 65ರ ಹತ್ತಿರ ಆಗುತ್ತದೆ ಅನ್ನುವುದೂ ಆ ಪ್ರೊಫೈಲಿಗೆ ಗೊತ್ತು. ನೀವು ಬೇರೆ ಲೆಕ್ಕ ಹಾಕಬೇಕಿಲ್ಲ.

ಕ್ಲಿಕ್ಕಮ್ಮ · ಮಂಗಳವಾರ, ಬೆಳಿಗ್ಗೆ 8:15

ಫೋಟೋ ತೆಗೆಯುವವರ ಕಡೆಯಿಂದ ಒಂದು ದೂರು ಇದೆ. ಡೆಡ್‌ಲೈನ್ ಅಂದಾಗ ಲ್ಯಾಬಿನವರು ಮಿತಿ ಮರೆಯುತ್ತಾರೆ. ನನ್ನ ಒಂದು ಚಿತ್ರದ ಅಂಚಿನಲ್ಲಿ ಯಾರದೋ ಕೈ ಅರ್ಧ ಬಂದಿತ್ತು. ಬೇಕೆಂದೇ ಬಿಟ್ಟಿದ್ದೆ. ಅಚ್ಚಾದಾಗ ಕೈ ಇಲ್ಲ, ಅಲ್ಲಿ ಗೋಡೆ. ಕೇಳಿದರೆ, ಕ್ರಾಪ್ ಮಾಡಲು ಜಾಗ ಸಾಲಲಿಲ್ಲ, ಅಳಿಸಿಬಿಟ್ಟೆವು ಅಂದರು. ಒಂದು ಫೋನ್ ಮಾಡಬಹುದಿತ್ತು.

ಕಚ್ಚಾಫೈಲ್ · ಮಂಗಳವಾರ, ಬೆಳಿಗ್ಗೆ 8:31

ಅರ್ಧ ಕೈಗೆ ಇಷ್ಟು ಗಲಾಟೆಯಾ? ಓದುವವರಿಗೆ ಗೊತ್ತೂ ಆಗಲ್ಲ.

ಸುಮ್ನೆನೋಡೋನು · ಮಂಗಳವಾರ, ಬೆಳಿಗ್ಗೆ 9:10

ಗೊತ್ತಾಗುತ್ತದೆ ಸ್ವಾಮಿ. 1982ರ ಫೆಬ್ರವರಿ ನ್ಯಾಷನಲ್ ಜಿಯಾಗ್ರಫಿಕ್ ಕವರ್ ನೋಡಿ. ಗಿಜಾದ ಪಿರಮಿಡ್ಡುಗಳ ಅಡ್ಡ ಫೋಟೋ ಅದು. ಕವರ್ ಉದ್ದಕ್ಕೆ ಬೇಕಿತ್ತು. ಕಂಪ್ಯೂಟರಿನಲ್ಲಿ ಎರಡು ಪಿರಮಿಡ್ಡನ್ನು ಒಂದಕ್ಕೊಂದು ಹತ್ತಿರ ಸರಿಸಿ ಕೂರಿಸಿದರು. ಕವರಿನಲ್ಲಿ ಜಾಗಕ್ಕೆ ಹೊಂದಲಿ ಅಂತ ಮಾಡಿದ್ದು, ಯಾರಿಗೂ ಮೋಸ ಮಾಡಲು ಅಲ್ಲ. ನಲವತ್ತು ವರ್ಷ ದಾಟಿದರೂ ಜನ ಬಿಟ್ಟಿಲ್ಲ.

1994ರ ಜೂನ್ 27ರ ಟೈಮ್ ಮ್ಯಾಗಜೀನ್ ಇನ್ನೊಂದು. ಕೊಲೆ ಆರೋಪದಲ್ಲಿ ಸಿಕ್ಕಿದ್ದ ಅಮೆರಿಕದ ಮಾಜಿ ಫುಟ್‌ಬಾಲ್ ಆಟಗಾರ ಓ.ಜೆ. ಸಿಂಪ್ಸನ್ನರ ಪೊಲೀಸ್ ಫೋಟೋವನ್ನು ಮುಖ ಕಪ್ಪಾಗುವ ಹಾಗೆ ಮಾಡಿ ಕವರಿಗೆ ಹಾಕಿದರು. ಗ್ರಹಚಾರಕ್ಕೆ ಅದೇ ವಾರ ನ್ಯೂಸ್‌ವೀಕ್ ಅದೇ ಫೋಟೋವನ್ನು ಇದ್ದ ಹಾಗೇ ಹಾಕಿತ್ತು. ಎರಡೂ ಅಕ್ಕಪಕ್ಕ ಇದ್ದವು. ಯಾರೂ ಏನೂ ಹುಡುಕಬೇಕಿರಲಿಲ್ಲ.

ಪುಟದವಳು · ಮಂಗಳವಾರ, ಬೆಳಿಗ್ಗೆ 10:05

ನಮ್ಮಲ್ಲಿ ಇದಕ್ಕೆ ಒಂದು ಅಡ್ಡಗೆರೆ ಇದೆ. ಫಿಲ್ಮಿನ ಮೇಲೆ ಅಥವಾ ಸೆನ್ಸರಿನ ಮೇಲೆ ಕೂತ ಧೂಳು ತೆಗೆಯಬಹುದು. ಕ್ಯಾಮೆರಾದ ಮುಂದೆ ನಿಜವಾಗಿ ಇದ್ದದ್ದನ್ನು ತೆಗೆಯುವ ಹಾಗಿಲ್ಲ. ಕಸದ ಬುಟ್ಟಿ ಇದ್ದರೆ ಕಸದ ಬುಟ್ಟಿ ಇರಲಿ, ನಾನು ಕ್ರಾಪ್‌ನಲ್ಲಿ ನೋಡಿಕೊಳ್ಳುತ್ತೇನೆ. ಹೀಗಿದ್ದರೆ ರಾತ್ರಿ ಎರಡು ಗಂಟೆಗೆ ಯಾರೂ ಯೋಚಿಸುತ್ತಾ ಕೂರಬೇಕಿಲ್ಲ. ಕೆಲಸವೂ ಕಮ್ಮಿ.

@ಕ್ಲಿಕ್ಕಮ್ಮ, ಅಂಚಿನ ಕೈ ಬೇಕೆಂದೇ ಬಿಟ್ಟದ್ದು ಅಂತ ಅಡಿಬರಹದ ಜೊತೆ ಒಂದು ಸಾಲು ಬರೆದು ಕಳಿಸಿ. ಬೇರೆ ಹೇಗೆ ಗೊತ್ತಾಗಬೇಕು?

ಕ್ಲಿಕ್ಕಮ್ಮ · ಮಂಗಳವಾರ, ಬೆಳಿಗ್ಗೆ 10:12

ಅದೂ ಸರಿ. ಬರೆಯುತ್ತೇನೆ. ಪ್ರೊಫೈಲ್ ಸೇರಿಸದೇ ಫೈಲ್ ಕಳಿಸುವವರಲ್ಲಿ ನಾನೂ ಒಬ್ಬಳು ಅಂತ ಈ ಚರ್ಚೆ ಓದಿದ ಮೇಲೆ ಹೋಗಿ ನೋಡಿದಾಗ ಗೊತ್ತಾಯಿತು. ಸೇವ್ ಮಾಡುವಾಗ ಆ ಟಿಕ್ ತಪ್ಪಿಹೋಗಿತ್ತು. ಎಷ್ಟು ತಿಂಗಳಿಂದಲೋ.

ಕಚ್ಚಾಫೈಲ್ · ಮಂಗಳವಾರ, ರಾತ್ರಿ 10:48

ನಾನು ಬ್ಯಾಚ್ ಅಂದದ್ದಕ್ಕೆ ಎಲ್ಲರೂ ಮುಖ ತಿರುಗಿಸಿದ್ದೀರಿ. ಆದರೂ ಹೇಳುತ್ತೇನೆ. ಸೈಜ್ ಇಳಿಸುವುದು, ಶಾರ್ಪ್ ಮಾಡುವುದು, ಪ್ರೊಫೈಲ್ ಬದಲಿಸುವುದು, ಹೆಸರಿಡುವುದು, ಇಷ್ಟಕ್ಕೂ ಕೈ ಯಾಕೆ? ಚಿತ್ರ ಚಿತ್ರಕ್ಕೂ ಇದನ್ನು ಕೈಯಲ್ಲಿ ಮಾಡುವುದರಿಂದಲೇ ರಾತ್ರಿ ಎರಡಕ್ಕೆ ತಪ್ಪಾಗುವುದು. ಕಣ್ಣು ಬೇಕಾದದ್ದು ಮುಖಕ್ಕೆ, ಬಣ್ಣಕ್ಕೆ. ಅದಕ್ಕೆ ಹೊತ್ತು ಉಳಿಯಲಿ ಅಂತಲೇ ಬ್ಯಾಚ್.

ಚುಕ್ಕಿಲೆಕ್ಕ · ಬುಧವಾರ, ಬೆಳಿಗ್ಗೆ 7:20

ಇದನ್ನು ಪೂರ್ತಿ ಒಪ್ಪುತ್ತೇನೆ. ಮೊದಲೇ ಹೀಗೆ ಹೇಳಿದ್ದರೆ ಮುಖ ತಿರುಗಿಸುತ್ತಿರಲಿಲ್ಲ. ಒಂದೇ ಷರತ್ತು. ಹಾಳೆಯಲ್ಲಿ ಬರೆದಾದ ಮೇಲೆ ಬ್ಯಾಚ್, ಮೊದಲಲ್ಲ. ಶಾರ್ಪ್ ಮಾಡುವುದು ಕಟ್ಟಕಡೆಗೆ, ಪುಟದ ಅಳತೆಗೆ ಇಳಿಸಿದ ಮೇಲೆ. 4 ಸೆಂ.ಮೀ. ಚಿತ್ರಕ್ಕೂ ಪೂರ್ತಿ ಪುಟದ ಚಿತ್ರಕ್ಕೂ ಒಂದೇ ಶಾರ್ಪ್ ಹಾಕಿದರೆ ಒಂದು ಮಂಕಾಗುತ್ತದೆ, ಇನ್ನೊಂದರ ಅಂಚಿಗೆ ಬಿಳಿ ಗೆರೆ ಬರುತ್ತದೆ. ಎರಡು ಬ್ಯಾಚ್ ಇಟ್ಟುಕೊಳ್ಳಿ.

ಹಳೇಕತ್ತಲಕೋಣೆ · ಬುಧವಾರ, ಮಧ್ಯಾಹ್ನ 2:00

ಡೆಡ್‌ಲೈನನ್ನು ಎಲ್ಲರೂ ಬೈಯುತ್ತಿದ್ದೀರಿ, ಅದಕ್ಕೆ ಒಂದು ಮಾತು. 1955ರಲ್ಲಿ ಅಮೆರಿಕದ ಫೋಟೋಗ್ರಾಫರ್ ಯೂಜೀನ್ ಸ್ಮಿತ್ ಪಿಟ್ಸ್‌ಬರ್ಗ್ ನಗರದ 100 ಫೋಟೋ ತೆಗೆಯಲು ಹೋದರು. ಮೂರು ವಾರದ ಕೆಲಸ. ತೆಗೆದದ್ದು ಸುಮಾರು 17,000 ನೆಗೆಟಿವ್. ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಮಾಡುತ್ತಾ ವರ್ಷಗಳೇ ಹೋದವು, ಅವರ ಮನಸ್ಸಿಗೆ ಒಪ್ಪುವ ಹಾಗೆ ಅದು ಮುಗಿಯಲೇ ಇಲ್ಲ. ಅವರಿಗಿಂತ ಒಳ್ಳೆಯ ಪ್ರಿಂಟ್ ಮಾಡುವವರು ಎಷ್ಟು ಜನ ಇದ್ದರು? ಬಾಗಿಲು ಬಡಿಯುವವರು ಒಬ್ಬರು ಬೇಕಪ್ಪ.

(ಈ ಕಥೆಯೂ ಸುಳ್ಳು ಅಂತ ಯಾರಾದರೂ ಬರೆದರೆ ನಾನು ಮಲಗುತ್ತೇನೆ.)

ಸುಮ್ನೆನೋಡೋನು · ಬುಧವಾರ, ಮಧ್ಯಾಹ್ನ 2:09

ಇದು ನಿಜ. ಮಲಗಬೇಡಿ.

ರಾತ್ರಿಪಾಳಿ · ಶನಿವಾರ, ಮಧ್ಯಾಹ್ನ 12:30

ಮಲಗಿ ಎದ್ದು ಬರೆಯುತ್ತಿದ್ದೇನೆ. ಶುಕ್ರವಾರದ ಸಂಚಿಕೆ ಹೋಯಿತು. 47 ಚಿತ್ರ, ಅದರಲ್ಲಿ 9 ಸ್ಲೈಡ್. ಈ ಸಲವೂ ತಡವಾಗಿಯೇ ಬಂದವು, ಆರೂ ಮುಕ್ಕಾಲಿಗೆ.

ಮೊದಲ 20 ನಿಮಿಷ ಕೈ ಕಟ್ಟಿ ಕೂರುವುದು ಎಷ್ಟು ಕಷ್ಟ ಅಂತ ಮಾಡಿ ನೋಡಿದರೇ ಗೊತ್ತಾಗುವುದು. ನನ್ನ ಜೊತೆಗಾರ ಎರಡು ಸಲ ಮೌಸ್ ಹಿಡಿಯಲು ಹೋದ, ಎರಡು ಸಲ ಬಿಡಿಸಿದೆ. 20 ಅಲ್ಲ, 35 ನಿಮಿಷ ಆಯಿತು. ಆದರೆ ಮೂರು ಫೈಲಿನಲ್ಲಿ ಪ್ರೊಫೈಲ್ ಇಲ್ಲದ್ದು ಸಿಕ್ಕಿತು. ಫೋನ್ ಮಾಡಿದೆ, ಎರಡು ನಿಮಿಷದಲ್ಲಿ ಉತ್ತರ ಬಂತು. ಪೂರ್ತಿ ಪುಟಕ್ಕೆ ಇಟ್ಟಿದ್ದ ಒಂದು ಚಿತ್ರ ಬರೀ 1400 ಪಿಕ್ಸೆಲ್ ಇತ್ತು. ಪೇಜ್ ಮಾಡುವವರು ಅದನ್ನು ಕಾಲು ಪುಟಕ್ಕೆ ಇಳಿಸಿದರು, ಗೊಣಗಲೂ ಇಲ್ಲ. ಜಾಗ ಹಿಡಿಯುವ ಫೈಲುಗಳು ಎಂಟಕ್ಕೆ ಹೋದವು. ಅದಾದ ಮೇಲೆ ಫೋನ್ ಒಂದೇ ಸಲ ಬಂತು, ಅದೂ ಅಡಿಬರಹ ಕೇಳಲು.

ಬಿಟ್ಟದ್ದು ಇವು. 5 ಸೆಂ.ಮೀ.ಗಿಂತ ಚಿಕ್ಕ ಚಿತ್ರಗಳ ಧೂಳನ್ನು ಮುಟ್ಟಲೇ ಇಲ್ಲ, ಮುಖದ ಮೇಲೆ ಇದ್ದರೆ ಮಾತ್ರ ತೆಗೆದೆ. ಕಾಗದದ ಪ್ರೂಫ್ ಕವರಿಗೆ ಮತ್ತು ಮುಖ ದೊಡ್ಡದಾಗಿ ಬರುವ ನಾಲ್ಕಕ್ಕೆ ಮಾತ್ರ. ಉಳಿದದ್ದೆಲ್ಲ ಸ್ಕ್ರೀನ್ ಪ್ರೂಫ್, ಪಕ್ಕದಲ್ಲಿ ಹಿಂದಿನ ಸಂಚಿಕೆ ತೆರೆದಿಟ್ಟುಕೊಂಡು. ಜಾಕೆಟ್ ನೀಲಿಯಾಗಿಯೇ ಇದೆ. ಸಯಾನ್ 100, ಮಜೆಂಟಾ 66.

ಸ್ಲೈಡಿನಲ್ಲಿ ಮಾತ್ರ ಎಡವಿದೆ, ಎರಡು ಸಲ. ಮೊದಲನೆಯದು, ಸ್ಕ್ಯಾನರಿನ ಧೂಳು ತೆಗೆಯುವ ಇನ್‌ಫ್ರಾರೆಡ್ ಅನ್ನು ಎಲ್ಲ ಒಂಬತ್ತಕ್ಕೂ ಹಾಕಿದೆ. ಅದರಲ್ಲಿ ಐದು ಕೊಡಾಕ್ರೋಮ್, ಕೊಡಾಕ್ ಕಂಪನಿಯ ಹಳೇ ಸ್ಲೈಡ್ ಫಿಲ್ಮ್. ಕೂದಲಿನ ಎಳೆ, ಕನ್ನಡಕದ ಅಂಚು ಎಲ್ಲವನ್ನೂ ಧೂಳು ಅಂದುಕೊಂಡು ಕಲಸಿ ಹಾಕಿತ್ತು. ಐದನ್ನೂ ಮತ್ತೆ ಸ್ಕ್ಯಾನ್ ಮಾಡಿದೆ. ಒಂದೂವರೆ ಗಂಟೆ ನೀರಿಗೆ ಬಿತ್ತು.

ಎರಡನೆಯದು ಅಚ್ಚಾಗಿಯೇ ಬಂತು. 31ನೇ ಪುಟದಲ್ಲಿ ಒಬ್ಬರು ಬಾಗಿಲಿಗೆ ಒರಗಿ ನಿಂತಿದ್ದಾರೆ. ಬಣ್ಣ ಸರಿ, ಅಳತೆ ಸರಿ. ಎಲ್ಲರೂ ನೋಡಿದೆವು, ಎಲ್ಲರೂ ಚೆನ್ನಾಗಿದೆ ಅಂದೆವು. ಇವತ್ತು ಬೆಳಿಗ್ಗೆ ಫೋಟೋ ತೆಗೆದವರು ಫೋನ್ ಮಾಡಿದರು. ಅವರ ಅಂಗಿಯ ಜೇಬು ಬಲಕ್ಕೆ ಬಂದಿದೆ, ವಾಚೂ ಬಲಗೈಯಲ್ಲಿದೆ. ಸ್ಲೈಡ್ ತಿರುವುಮುರುವಾಗಿ ಹಾಕಿದ್ದೆ.

ಹಳೇಕತ್ತಲಕೋಣೆ · ಶನಿವಾರ, ಮಧ್ಯಾಹ್ನ 1:05

ಕೊಡಾಕ್ರೋಮಿಗೆ ಆ ಇನ್‌ಫ್ರಾರೆಡ್ ಆಗಿಬರುವುದಿಲ್ಲ, ಬೆಳ್ಳಿ ಇರುವ ಕಪ್ಪು ಬಿಳುಪು ಫಿಲ್ಮಿಗೂ ಅಷ್ಟೇ. ಗಾಳಿ ಊದುವ ಬಲ್ಬ್, ಮೃದು ಬ್ರಶ್, ಆಮೇಲೆ ಕೈಯಲ್ಲಿ ಮೌಸ್. ಬೇರೆ ದಾರಿ ಇಲ್ಲ. ಒರಿಜಿನಲ್ ಹುಷಾರು. ಕೊಡಾಕ್ರೋಮ್ ತೊಳೆಯುವ ಕೊನೆಯ ಲ್ಯಾಬ್ 2010ರ ಕೊನೆಗೆ ರೋಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಇನ್ನು ಹೊಸದು ಹುಟ್ಟುವುದಿಲ್ಲ.

ತಿರುವುಮುರುವು ತಪ್ಪದಿರಲು ಹೀಗೆ ಮಾಡಿ. ಸ್ಲೈಡನ್ನು ದೀಪದ ಕೆಳಗೆ ಓರೆಯಾಗಿ ಹಿಡಿಯಿರಿ, ಬೆಳಕು ಮೇಲ್ಮೈಯಿಂದ ಜಾರಿ ಕಣ್ಣಿಗೆ ಬರುವ ಹಾಗೆ. ಒಂದು ಮುಖ ಗಾಜಿನ ಹಾಗೆ ನುಣ್ಣಗೆ ಹೊಳೆಯುತ್ತದೆ. ಇನ್ನೊಂದು ಸ್ವಲ್ಪ ಮಂದ, ಅದೇ ಎಮಲ್ಶನ್. ಕೊಡಾಕ್ರೋಮ್ ಆದರೆ ಆ ಮುಖದಲ್ಲಿ ಚಿತ್ರದ ಗೆರೆಗಳು ಕೆತ್ತಿದ ಹಾಗೆ ಉಬ್ಬಿ ಕಾಣುತ್ತವೆ. ಹೊಳೆಯುವ ಮುಖ ನಿಮ್ಮ ಕಡೆ ಇದ್ದಾಗ ಚಿತ್ರ ಸರಿಯಾಗಿದೆ ಅಂತ ಅರ್ಥ. ಹಾಗೆ ಹಿಡಿದು, ಫ್ರೇಮಿನ ಎಡಗಡೆ ಕೆಳಮೂಲೆಗೆ ಒಂದು ಕೆಂಪು ಚುಕ್ಕಿ ಇಡಿ. ಪ್ರೊಜೆಕ್ಟರ್ ಕಾಲದಿಂದಲೂ ಇದೇ ಪದ್ಧತಿ. ಮೌಂಟ್ ಮೇಲೆ ಬರೆದ ಅಕ್ಷರ ನೋಡಿ ನಂಬಬೇಡಿ. ಮೌಂಟನ್ನು ಯಾರು ಯಾವಾಗ ಬಿಚ್ಚಿ ಹಾಕಿದ್ದಾರೋ ಯಾರಿಗೆ ಗೊತ್ತು.

ರಾತ್ರಿಪಾಳಿ · ಸೋಮವಾರ, ರಾತ್ರಿ 8:20

ಮುಂದಿನ ಸಂಚಿಕೆಯ ಸ್ಲೈಡ್ ಇವತ್ತೇ ಬಂದವು, 19. ಹೌದು, ನಾಲ್ಕು ದಿನ ಮೊದಲೇ. ಯಾಕೆ ಅಂತ ಕೇಳಲಿಲ್ಲ.

ಎಲ್ಲವನ್ನೂ ಟೇಬಲ್ ಲ್ಯಾಂಪಿನ ಕೆಳಗೆ ಓರೆ ಹಿಡಿದು ನೋಡಿದೆ. ಹದಿನೇಳಕ್ಕೆ ಚುಕ್ಕಿ ಇಟ್ಟಾಯಿತು. ಎರಡು ಮೌಂಟಿನೊಳಗೇ ಉಲ್ಟಾ ಕೂತಿವೆ, ಅದರ ಮೇಲೆ ಯಾರೋ ಚಂದದ ಅಕ್ಷರದಲ್ಲಿ "ಈ ಕಡೆ" ಅಂತ ಬರೆದಿದ್ದಾರೆ.